ಸಾಹೇಬರ ಮೊಮ್ಮಗನ ಅಂಗಿ

ಚಾಮರಾಜನಗರ ಹೊಸದಾಗಿ ಜಿಲ್ಲೆಯಾದ ವರ್ಷವೇ ಮಾದಪ್ಪನ ಹಿರಿಮಗ ಮಹದೇವಸ್ವಾಮಿ ಜಪಾನಿಗೆ ಹೋಗಿ ಬಂದ. ಜಿಲ್ಲೆಯಾದದ್ದರಿಂದ ತೆರಕಣಾಂಬಿಗೆ ಏನು ಬಂತೋ ಯಾರಿಗೂ ತಿಳಿಯಲಿಲ್ಲ. ಇವನು ಜಪಾನಿನಿಂದ ಬಂದದ್ದು ಮಾತ್ರ ಇಡೀ ಬೀದಿಗೆ ತಿಳಿಯಿತು. ರೇಷ್ಮೆ ಆಫೀಸಿನಲ್ಲಿ ಕೆಲಸ ಅವನಿಗೆ. ಬಿಳಿ ಗೂಡು ಕಟ್ಟುವ ಹುಳ ಸಾಕುವುದನ್ನು ಕಲಿತು ಬಾ ಅಂತ ಮೂರು ತಿಂಗಳ ತರಬೇತಿಗೆ ಕಳಿಸಿದ್ದರು. ಹೋಗುವ ಮುಂಚೆ ಎರಡು ಮುದ್ದೆ ನುಂಗಿ ಏಳುತ್ತಿದ್ದವನು ಬಂದ ಮೇಲೆ ತಟ್ಟೆಯ ಮುಂದೆ ಕೂತು, "ಇಷ್ಟು ದಪ್ಪಕ್ಕೆ ಕಟ್ತಾರಾ ಮುದ್ದೆನ?" ಅಂದ. ಬಾಗಿಲ ಹೊರಗೆ ಚಪ್ಪಲಿ ಬಿಡುವುದನ್ನೂ ಜಪಾನಿನವರೇ ಹೇಳಿಕೊಟ್ಟರು ಅನ್ನುವ ಹಾಗೆ, ಎರಡೂ ಚಪ್ಪಲಿಯನ್ನು ಜೋಡಿಸಿ, ತಿರುಗಿಸಿ, ಒಂದು ಸಲ ನೋಡಿ ಒಳಗೆ ಬರುತ್ತಿದ್ದ. ಆ ಮನೆಯಲ್ಲಿ ಹುಟ್ಟಿದಾಗಿನಿಂದ ಎಲ್ಲರೂ ಚಪ್ಪಲಿ ಹೊರಗೇ ಬಿಟ್ಟು ಬರುತ್ತಿದ್ದರು, ಅದು ಬೇರೆ ಮಾತು.

ಅವನ ತಂಗಿ ಶಿವರಂಜಿನಿ ಆಗ ತುಂಬು ಬಸುರಿ. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಗಂಡ ಗಂಗಾಧರಸ್ವಾಮಿ ಹಂಗಳದವನು. ಚೂರು ಹೊಲ ಸ್ವಂತದ್ದು. ಅದರ ಕೆಲಸ ಮುಗಿದ ಮೇಲೆ ಬೇರೆಯವರ ಹೊಲದಲ್ಲಿ ಕೂಲಿ. ಮದುವೆಯಾದ ದಿನದಿಂದ ಮಹದೇವಸ್ವಾಮಿ ಅವನನ್ನು ಭಾವ ಅಂದದ್ದಿಲ್ಲ, ಹೆಸರು ಹಿಡಿದೂ ಕರೆದದ್ದಿಲ್ಲ. ಎದುರಿಗಿದ್ದರೆ "ಇವರು" ಅನ್ನುವನು, ಹಿಂದಿನಿಂದ "ಹಂಗಳದೋನು" ಅನ್ನುವನು. ಶಿವರಂಜಿನಿ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಣ್ಣನೆಂದರೆ ಅವಳಿಗೆ ಹೆಮ್ಮೆ. ಶಾಲೆಗೆ ಹೋಗುವಾಗ ಅವನ ಸೈಕಲ್ಲಿನ ಹಿಂದೆ ಕೂತು ಹೋದವಳು ಅವಳು.

ಒಂದು ಭಾನುವಾರ ಮಹದೇವಸ್ವಾಮಿ ಹೆಂಡತಿ ಬೃಂದಾಳನ್ನೂ ಕರೆದುಕೊಂಡು ಚಾಮರಾಜನಗರದಿಂದ ಬಂದ. ಅವರಿಗೆ ಇನ್ನೂ ಮಕ್ಕಳಿರಲಿಲ್ಲ. ಊಟಕ್ಕೆ ಕೂತಾಗ ಜೇಬಿನಿಂದ ಒಂದು ಫೋಟೋ ತೆಗೆದು ಅವ್ವನ ಮುಂದೆ ಹಿಡಿದ. ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಬಿಳಿ ಅಂಗಿ. ಪುಟ್ಟದೆಂದರೆ ಅಗಲದಲ್ಲಿ ಮಾತ್ರ. ಉದ್ದ ನೋಡಿದರೆ ದೊಡ್ಡವರಿಗೇ ಮೊಣಕಾಲು ದಾಟುತ್ತಿತ್ತು.

"ಇದರ ಹೆಸರು ಹೊಸೊನಾಗ," ಅಂದ.

"ಹೊಸ ನಾಗನ?" ಅಂದಳು ಮಂಗಮ್ಮ, ಸಾರು ಬಡಿಸುತ್ತಾ. "ಹಳೇ ನಾಗಪ್ಪನಿಗೆ ಹಾಲೆರೆದೇ ಸಾಕಾಗೋಗದೆ."

"ಹೊಸ ನಾಗ ಅಲ್ಲವ್ವ, ಹೊಸೊನಾಗ. ಸಾವಿರ ವರ್ಷದ ಹಿಂದೆ ಅವರ ಅರಮನೆ ಕಡೆ ದೊಡ್ಡ ಮನೆತನಗಳಲ್ಲಿ ಮಗು ಹುಟ್ಟಿದರೆ ಇಂಥಾದ್ದು ತೊಡಿಸೋರು. ಬಿಳಿ ರೇಷ್ಮೆ. ಮಗು ಕಾಲು ದಾಟಿ ಇನ್ನೂ ಅಷ್ಟುದ್ದ ಇಳಿಬಿದ್ದಿರುತ್ತೆ. ಬಾಣಂತಿ ಕೋಣೇಲಿ ಎಲ್ಲಾ ಬಿಳೀದೇ. ಪರದೆ ಬಿಳಿ, ಕೆಲಸದ ಹೆಂಗಸರ ಬಟ್ಟೆ ಬಿಳಿ. ಕೆಲವು ದಿನ ಕಳೆದ ಮೇಲೆ ಬಣ್ಣದ ಬಟ್ಟೆಗೆ ಬರೋದು."

"ಉಚ್ಚೆ ಹುಯ್ದರೆ?" ಅಂದ ಮಾದಪ್ಪ.

"ಏನಪ್ಪ?"

"ರೇಷ್ಮೆ ಮೇಲೆ ಮಗ ಉಚ್ಚೆ ಹುಯ್ದರೆ ಏನು ಮಾಡೋರು ಅಂದೆ."

"ಅದಕ್ಕೆಲ್ಲ ಆಳುಗಳಿರ್ತಾರೆ."

"ಅಂಗಾದ್ರೆ ಸರಿ," ಅಂದು ಮಾದಪ್ಪ ಮುದ್ದೆ ಮುರಿದ.

ಮಹದೇವಸ್ವಾಮಿ ಅಪ್ಪನ ಕಡೆ ನೋಡದೆ ಮುಂದುವರಿಸಿದ. "ಅಲ್ಲೂ ಹೆಣ್ಣುಮಕ್ಕಳು ಹೆರಿಗೆ ಆಗೋದು ತವರುಮನೇಲೇ. ತವರಿನೋರು, ನೆಂಟರು ಪೆಟ್ಟಿಗೇಲಿಟ್ಟು ಮಗೂಗೆ ಬಟ್ಟೆ ಕೊಡೋರು. ಮೂರನೇ ರಾತ್ರಿ, ಐದನೇ ರಾತ್ರಿ ಅಂತ ದೊಡ್ಡ ಹಬ್ಬಾನೇ ಮಾಡೋರು."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶಿವರಂಜಿನಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ತವರು ಅಂದನಲ್ಲ, ಬಟ್ಟೆ ಅಂದನಲ್ಲ, ತನ್ನ ಕೂಸಿಗೆ ಅಂತಲೇ ಅಷ್ಟು ದೂರದಿಂದ ಫೋಟೋ ಹೊತ್ತು ತಂದಿದ್ದಾನೆ ಅಂದುಕೊಂಡಳು. ಕಣ್ಣಲ್ಲಿ ನೀರೂ ಬಂತು.

"ಬಿಳಿ ಬ್ಯಾಡ ಕಣಣ್ಣ, ಬೇಗ ಕೊಳೆಯಾಯ್ತದೆ," ಅಂದಳು, ಬೇಡವೆನ್ನುವ ದನಿಯಲ್ಲಿ ಅಲ್ಲ.

"ಅವರ ಮನೇಲಿ ಕೊಳೆ ಯಾಕಾಗುತ್ತೆ?" ಅಂದ ಮಹದೇವಸ್ವಾಮಿ. "ನಮ್ಮ ಆಫೀಸಿನ ಸಾಹೇಬರ ಮಗಳಿಗೆ ಗಂಡುಮಗು ಆಗಿದೆ. ಇನ್ನೆರಡು ತಿಂಗಳಿಗೆ ನಾಮಕರಣ. ನೀನು ಗುಂಡ್ಲುಪೇಟೆಲಿ ಟೈಲರಿಂಗ್ ಕಲ್ತಿದ್ದೀಯಲ್ಲ, ಫೋಟೋ ನೋಡ್ಕೊಂಡು ಹೊಲಿ."

ಬೃಂದಾ ನೀರಿನ ಲೋಟ ಕೆಳಗಿಟ್ಟಳು. "ನಿಮ್ಮ ತಂಗಿ ಮಗೂಗೆ ಏನು ಅಂತ ಮೊದಲು ಹೇಳಿ."

"ಅದಿನ್ನೂ ಹುಟ್ಟಬೇಕಲ್ಲ. ಟೈಮಿದೆ."

ವಿಷಯ ಇಷ್ಟೇ. ಜಿಲ್ಲೆಯಾದ ಮೇಲೆ ಚಾಮರಾಜನಗರದಲ್ಲಿ ಹೊಸ ಆಫೀಸು, ಹೊಸ ಕುರ್ಚಿ. ಅದರಲ್ಲೊಂದು ಕುರ್ಚಿಯ ಮೇಲೆ ಮಹದೇವಸ್ವಾಮಿಯ ಕಣ್ಣು. ಸಾಹೇಬರು ಒಂದು ಮಾತು ಬರೆದರೆ ಸಿಕ್ಕುತ್ತದೆ ಅಂತ ಅವನ ನಂಬಿಕೆ. ಸಾಹೇಬರು ಬರೆಯುತ್ತೇನೆ ಅಂತಲೂ ಅಂದಿರಲಿಲ್ಲ, ಏನಾದರೂ ತಾ ಅಂತಲೂ ಅಂದಿರಲಿಲ್ಲ. ಆ ಮನುಷ್ಯನಿಗೆ ಇವನ ಹೆಸರೇ ಸರಿಯಾಗಿ ನೆನಪಿರಲಿಲ್ಲ. ಒಂದು ದಿನ ಮಹದೇವಯ್ಯ ಅನ್ನುವರು, ಒಂದು ದಿನ ಮಾದೇಗೌಡ ಅನ್ನುವರು. ಇವನು ಎರಡಕ್ಕೂ "ಸಾರ್" ಅಂತ ಓಡುತ್ತಿದ್ದ.

ಆ ಸಲ ಮಾದಪ್ಪನ ಮನೆಯಲ್ಲಿ ಸಾಕಿದ್ದೂ ಬಿಳಿ ಗೂಡಿನ ಹುಳವೇ. ಊರಿನವರೆಲ್ಲ ಹಳದಿ ಗೂಡು ಬೆಳೆಯುವಾಗ ಇವರು ಮಾತ್ರ ಮಗನ ಮಾತು ಕೇಳಿ ಬಿಳಿ ಬೆಳೆದಿದ್ದರು. ಆ ಹುಳ ದೊಡ್ಡ ಮನೆಯ ಸೊಸೆಯ ಹಾಗೆ. ಸೊಪ್ಪು ಬಾಡಿದರೆ ಮುಟ್ಟದು, ಸೆಕೆಯಾದರೆ ಸಾಯುವುದು. ಮಂಗಮ್ಮ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿ, ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಅವುಗಳನ್ನು ಉಳಿಸಿಕೊಂಡಿದ್ದಳು. ಗೂಡು ಬಿಡಿಸಿದ ದಿನ ಮಹದೇವಸ್ವಾಮಿ ಬಂದು ಒಳ್ಳೊಳ್ಳೆಯವನ್ನು ಆರಿಸಿ ಒಂದು ದೊಡ್ಡ ಮಂಕರಿ ತುಂಬಿಕೊಂಡ.

"ಮಿಕ್ಕುದ್ನ ಮಾರ್ಕೆಟ್ಟಿಗೆ ತಕ್ಕೊಂಡೋದ್ರೆ ಜೊಳ್ಳು ಅಂತಾರೆ ಕಣ್ಲಾ," ಅಂದ ಮಾದಪ್ಪ.

"ಒಂದು ಸಲಕ್ಕೆ ಬುಡಿ," ಅಂದಳು ಮಂಗಮ್ಮ. "ನಾಳೆ ಅಂವ ದೊಡ್ಡ ಕುರ್ಚಿ ಮೇಲೆ ಕೂತ್ರೆ ನಮ್ಗೇ ಅಲ್ವಾ?"

ನೂಲು ತೆಗೆಸಿ, ಕೊಳ್ಳೇಗಾಲದಲ್ಲಿ ನೇಯಿಸಿ, ಹಾಲಿನ ಕೆನೆಯಂಥ ಬಟ್ಟೆಯನ್ನು ಅವನು ತಂದುಕೊಟ್ಟಾಗ ಶಿವರಂಜಿನಿಗೆ ಅದನ್ನು ಕತ್ತರಿಸಲು ಕೈ ಬರಲಿಲ್ಲ. ಆಮೇಲೆ ಕೂತಳು. ಬೆಳಿಗ್ಗೆ ಮುದ್ದೆ ಕಟ್ಟಿ, ಪಾತ್ರೆ ಬೆಳಗಿ, ಹುಳದ ಮನೆ ಗುಡಿಸಿ, ಆಮೇಲೆ ಮಿಷನ್ನಿನ ಮುಂದೆ. ಪಾದ ಊದಿಕೊಂಡು ಪೆಡಲಿನ ಮೇಲೆ ನಿಲ್ಲುತ್ತಿರಲಿಲ್ಲ. ಹೊಟ್ಟೆ ಅಡ್ಡ ಬಂದು ಮಿಷನ್ನು ಕೈಗೆ ದೂರವಾಗುತ್ತಿತ್ತು. ಮಹದೇವಸ್ವಾಮಿ ಪ್ರತಿ ಭಾನುವಾರ ಬಂದು ಫೋಟೋ ಪಕ್ಕದಲ್ಲಿ ಹಿಡಿದು ನೋಡುವನು. ಕೊರಳು ಗುಂಡಗೆ ಬರಬೇಕು, ಬಿಚ್ಚು. ಹೊಲಿಗೆ ಮೇಲೆ ಕಾಣಬಾರದು, ಬಿಚ್ಚು. ಕಟ್ಟುವ ದಾರ ಇನ್ನೂ ಉದ್ದ ಇರಬೇಕು, ಬಿಚ್ಚು.

"ಅವನೇನು ಹೊಲೀತಾನಾ, ಬಿಚ್ಚು ಬಿಚ್ಚು ಅನ್ನಾಕೆ?" ಅಂದ ಕಿರಿಯ ಮಗ ಮಹಾಲಿಂಗ. ಮನೆಯ ಬೇಸಾಯವೆಲ್ಲ ಅವನದೇ. "ಅಕ್ಕ, ನಿನ್ನ ಮಗೀಗೆ ಏನು ಹೊಲ್ದೆ?"

"ಅವ್ವನ ಹಳೇ ಸೀರೆ ಹರ್ದು ಮಡಗಿವ್ನಿ."

"ಹಳೇದೇ ಒಳ್ಳೇದು ಕೂಸಿಗೆ," ಅಂದಳು ಮಂಗಮ್ಮ ಒಳಗಿನಿಂದ. "ಮೆತ್ತಗಿರ್ತದೆ."

"ಅಂಗಾದ್ರೆ ಸಾಹೇಬರ ಮೊಮ್ಮಗನಿಗೂ ಒಂದು ಹಳೇ ಸೀರೆ ಕಳ್ಸವ್ವ," ಅಂದ ಮಹಾಲಿಂಗ.

ಮಧ್ಯೆ ಒಂದು ಸಲ ಗಂಗಾಧರಸ್ವಾಮಿ ಹೆಂಡತಿಯನ್ನು ನೋಡಲು ಸೀಬೆಹಣ್ಣು ತೆಗೆದುಕೊಂಡು ಬಂದ. ಆವತ್ತೂ ಭಾನುವಾರ. ಮಿಷನ್ನಿನ ಮೇಲೆ ಹರಡಿದ್ದ ಬಿಳಿ ಬಟ್ಟೆ ಕಂಡು, "ಏನಿದು, ಹೆಂಗೆ ಹೊಳೀತಾದೆ," ಅಂತ ಬಗ್ಗಿದ.

"ಕೈ ತೊಳ್ಕೊಂಡು ಮುಟ್ಟಬೇಕು," ಅಂದ ಮಹದೇವಸ್ವಾಮಿ.

ಗಂಗಾಧರಸ್ವಾಮಿ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ. ಕೈ ತೊಳೆಯಲೂ ಹೋಗಲಿಲ್ಲ, ಮುಟ್ಟಲೂ ಇಲ್ಲ. ಊಟ ಮಾಡಿ, ಮಾವನ ಜೊತೆ ಮಳೆ ಬೆಳೆ ಮಾತಾಡಿ, ಸಂಜೆ ಬಸ್ಸಿಗೆ ಹೋದ. ಹೋಗುವಾಗ ಹೆಂಡತಿಗೆ, "ಕಾಲು ಊದವೆ, ಜಾಸ್ತಿ ತುಳೀಬ್ಯಾಡ," ಅಂದ, ಅಷ್ಟೇ. ಶಿವರಂಜಿನಿಗೆ ಅಣ್ಣನ ಮೇಲೆ ಮೊದಲ ಸಲ ಒಂದು ಥರ ಆಯಿತು. ಹೇಳಲು ಹೊರಟರೆ ಮಾತಿಗೆ ಸಿಕ್ಕದಷ್ಟು ಸಣ್ಣದು. ಊಟದಲ್ಲಿ ಸಿಕ್ಕ ಕೂದಲಿನ ಹಾಗೆ.

ನಾಮಕರಣದ ದಿನ ಮಹದೇವಸ್ವಾಮಿ ಬಾಡಿಗೆ ಕಾರನ್ನೇ ತಂದ. "ನೀನೂ ಬಾ. ಆ ದಾರ ಕಟ್ಟೋದು ಅಲ್ಲಿ ಯಾರಿಗೂ ಗೊತ್ತಾಗಲ್ಲ," ಅಂದ. ಮಂಗಮ್ಮ ಮಗಳಿಗೆ ಮದುವೆ ಸೀರೆ ಉಡಿಸಿ, ತಲೆ ಬಾಚಿ ಹೂ ಮುಡಿಸಿ ಕಳಿಸಿದಳು. ತುಂಬು ಬಸುರಿಯನ್ನು ಹಾಗೆ ಕಳಿಸಬಾರದು ಅಂತ ಮಾದಪ್ಪ ಅಂದದ್ದನ್ನು ಯಾರೂ ಕೇಳಲಿಲ್ಲ.

ಸಾಹೇಬರ ಮನೆಯ ಹಾಲಿನಲ್ಲಿ ಸೋಫಾ, ಕಲರ್ ಟಿ.ವಿ., ತುಂಬ ಜನ. ಮಗುವಿಗೆ ಆಗಲೇ ಮೈಸೂರಿನಿಂದ ತಂದ ನೀಲಿ ಸೂಟು ಹಾಕಿ, ಕೊರಳಿಗೆ ಬೋ ಕಟ್ಟಿದ್ದರು. ಸಾಹೇಬರ ಹೆಂಡತಿ ಎದ್ದು ಬಂದು, "ಇವರು ಯಾರು?" ಅಂದರು.

ಮಹದೇವಸ್ವಾಮಿ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿ ನಿಂತಿದ್ದ. ಹಾಗೆ ಬಗ್ಗುವುದನ್ನೂ ಜಪಾನಿನಲ್ಲೇ ಕಲಿತದ್ದು. ಒಂದು ಕ್ಷಣ ತಂಗಿಯ ಒಡೆದ ಹಿಮ್ಮಡಿ, ರಬ್ಬರ್ ಚಪ್ಪಲಿ ನೋಡಿದ.

"ನಮ್ಮೂರ ಟೈಲರ್, ಮೇಡಂ," ಅಂದ.

ಶಿವರಂಜಿನಿ ಅವನ ಮುಖ ನೋಡಿದಳು. ಅವನು ಇವಳ ಕಡೆ ತಿರುಗಲಿಲ್ಲ. ಪೆಟ್ಟಿಗೆ ಬಿಚ್ಚಿ, ಅಂಗಿಯನ್ನು ಎತ್ತಿ ಹಿಡಿದು, ಸಾವಿರ ವರ್ಷ, ಅರಮನೆ, ಹೊಸೊನಾಗ ಎಲ್ಲ ಒಪ್ಪಿಸಿದ. ತವರಿನವರು ಕೊಡುತ್ತಾರೆ ಅನ್ನುವುದನ್ನು ಮಾತ್ರ ಬಿಟ್ಟ.

"ಬಿಳೀದಾ?" ಅಂದರು ಮೇಡಂ. ಸೋಫಾದಲ್ಲಿದ್ದ ಒಬ್ಬ ಮುದುಕಿ, "ಶುಭದ ದಿವಸ ಇದೇನು, ಹೆಣಕ್ಕೆ ಹೊದಿಸೋ ಹಾಗಿದೆ," ಅಂದಳು. ಯಾರೋ ನಕ್ಕರು. ಮಗುವಿನ ತಾಯಿ ತಲೆ ಎತ್ತಿಯೂ ನೋಡಲಿಲ್ಲ. ಮೇಡಂ ಅಂಗಿಯನ್ನು ಹಿಡಿದು ಎಲ್ಲಿಡುವುದು ಅಂತ ಅತ್ತಿತ್ತ ನೋಡಿ, ಕೊನೆಗೆ ಉದ್ದುದ್ದ ಮಡಚಿ ಟಿ.ವಿ. ಮೇಲೆ ಹಾಸಿ, ಅದರ ಮೇಲೆ ಹೂದಾನಿ ಇಟ್ಟರು.

"ಅಳತೆ ಸರಿಯಾಗಿದೆ ನೋಡಿ. ಧೂಳು ಕೂರಲ್ಲ ಇನ್ನು."

"ಒಳ್ಳೇ ಐಡಿಯಾ ಮೇಡಂ," ಅಂದ ಮಹದೇವಸ್ವಾಮಿ.

ಟೈಲರಿಗೆ ಊಟ ಹಿಂದಿನ ವರಾಂಡದಲ್ಲಿ. ಪಾತ್ರೆ ತೊಳೆಯುವ ಹೆಂಗಸು, "ಎಷ್ಟು ತಿಂಗಳವ್ವ?" ಅಂತ ಕೇಳಿ ಇನ್ನೊಂದು ಸೌಟು ಪಾಯಸ ಹಾಕಿದಳು. ಶಿವರಂಜಿನಿ ಉಂಡಳು. ಹಸಿವಾಗಿತ್ತು.

ಕಾರಿನಲ್ಲಿ ವಾಪಸು ಬರುವಾಗ ಮಹದೇವಸ್ವಾಮಿ ಡ್ರೈವರ್ ಪಕ್ಕ ಕೂತು, "ಮೇಡಂಗೆ ಬಹಳ ಹಿಡಿಸ್ತು. ಬಂದೋರಿಗೆಲ್ಲ ಕಾಣ್ಲಿ ಅಂತ ಟಿ.ವಿ. ಮೇಲೇ ಇಟ್ಟರು, ನೋಡಿದ್ಯಾ?" ಅಂದ. ಟೈಲರ್ ಅಂದ ಮಾತಿಗೆ, "ಅಲ್ಲಿ ಎಲ್ಲ ಬಿಡಿಸಿ ಹೇಳ್ತಾ ಕೂರೋಕಾಗಲ್ಲ, ನಿಂಗೆ ಅರ್ಥ ಆಗುತ್ತೆ," ಅಂತ ಅವನೇ ಸೇರಿಸಿದ. ಶಿವರಂಜಿನಿಗೆ, ಇಷ್ಟು ದಿನ ಇವನ ಬೆನ್ನು ನೋಡಿ ಹಿಗ್ಗಿದೆನಲ್ಲ ಅನ್ನಿಸಿತು. ಸೈಕಲ್ಲಿನ ಮೇಲಾದರೂ ಅಷ್ಟೇ, ಕಾರಿನಲ್ಲಾದರೂ ಅಷ್ಟೇ. ಇವನ ಬೆನ್ನೊಂದೇ ಕಾಣುತ್ತದೆ ತನಗೆ.

"ಹೆಂಗೆ ನೋಡ್ಕೊಂಡ್ರು?" ಅಂತ ಕೇಳಿದಳು ಮಂಗಮ್ಮ.

"ಊಟ ಚೆನ್ನಾಗಿತ್ತು," ಅಂದಳು ಮಗಳು.

ಸಂಕ್ರಾಂತಿ ಕಳೆದ ಮೇಲೆ ಹೆರಿಗೆಯಾಯಿತು. ಹೆಣ್ಣು. ಮಂಗಮ್ಮ ಕೂಸನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸುವಳು. ಆ ವಿಷಯದಲ್ಲಿ ಅವಳ ಕೈಗೆ ಸಮ ಇರಲಿಲ್ಲ. ಹಂಗಳದಿಂದ ಗಂಗಾಧರಸ್ವಾಮಿ ಮಾರನೇ ದಿನವೇ ಓಡಿ ಬಂದ. ಚಾಮರಾಜನಗರದಿಂದ ಮಹದೇವಸ್ವಾಮಿ ಬರಲಿಲ್ಲ. ಆಫೀಸು ಅಂತ ಹೇಳಿ ಕಳಿಸಿದ. ಬೃಂದಾ ಒಬ್ಬಳೇ ಬಸ್ಸಿನಲ್ಲಿ ಬಂದು, ಬಾಣಂತಿಗೆ ಅಂತ ತುಪ್ಪ ಕೊಟ್ಟು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತಿದ್ದಳು.

"ಅಣ್ಣನಿಗೆ ಆ ಕೆಲಸ ಸಿಕ್ತಾ ಅತ್ಗೆ?" ಅಂತ ಕೇಳಿದಳು ಶಿವರಂಜಿನಿ.

"ಸಿಕ್ಕೋದು ಯಾವಾಗ್ಲೂ ಮುಂದಿನ ವಾರ," ಅಂದಳು ಬೃಂದಾ.

ತೊಟ್ಟಿಲಿಗೆ ಹಾಕುವ ಶಾಸ್ತ್ರ ಯುಗಾದಿ ಆದ ಮೇಲೆ ಇಟ್ಟುಕೊಂಡರು. ಆ ಕಡೆ ಪದ್ಧತಿ, ಕೂಸಿಗೆ ಮೊದಲ ಹೊಸ ಬಟ್ಟೆ ಸೋದರಮಾವನದು. ಅವನು ತಂದ ಬಟ್ಟೆ ತೊಡಿಸಿ, ಅವನು ತಂದ ಕುಲಾವಿ ತಲೆಗೆ ಕಟ್ಟಿ, ಆಮೇಲೆ ತೊಟ್ಟಿಲಿಗೆ. ಎಷ್ಟೇ ಬಡವನಾಗಲಿ, ಆ ಒಂದು ದಿನ ಸೋದರಮಾವ ಬರಿಗೈಯಲ್ಲಿ ಬರುವುದಿಲ್ಲ. ಹಂಗಳದಿಂದ ನೆಂಟರು ಬಂದು ಜಗುಲಿ ತುಂಬ ಕೂತಿದ್ದರು. ಹಿಂದಿನ ಬೀದಿಯ ಗುರುಮಲ್ಲಮ್ಮ, ಆ ಊರಿನ ಇಂಥ ಶಾಸ್ತ್ರಕ್ಕೆಲ್ಲ ಅವಳೇ ಹಿರಿಯಳು, ಕೂಸನ್ನು ಕಾಲಮೇಲೆ ಹಾಕಿಕೊಂಡು, "ಎಲ್ಲಿ, ಸ್ವಾದರಮಾವ ಬಟ್ಟೆ ತತ್ತ," ಅಂದಳು.

ಮಹದೇವಸ್ವಾಮಿ ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡು ಮುಂದೆ ಬಂದು ಪೆಟ್ಟಿಗೆ ಬಿಚ್ಚಿದ.

"ಇದು ಜಪಾನಿನ ಅರಮನೆ ಪದ್ಧತಿ. ಬರೀ ರಾಜಮನೆತನದ ಮಕ್ಕಳಿಗೆ ಮಾತ್ರ ಇಂಥಾದ್ದು. ನನ್ನ ತಂಗಿ ಮಗಳಿಗೆ ಅಂತ ವಿಶೇಷವಾಗಿ ಮಾಡಿಸಿದ್ದು."

ಹೆಂಗಸರೆಲ್ಲ ಬಗ್ಗಿ ನೋಡಿದರು. ರೇಷ್ಮೆ ಒಗೆಸಿ ಇಸ್ತ್ರಿ ಮಾಡಿಸಿ ತಂದಿದ್ದ; ಆದರೂ ಒಂದು ಮಗ್ಗುಲು ಬಿಸಿಲಿಗೆ ಹಳದಿ ತಿರುಗಿತ್ತು. ನಡುವೆ ಬಳೆಯಷ್ಟಗಲ ಗುಂಡನೆಯ ಕಲೆ. ಶಿವರಂಜಿನಿ ಬಾಣಂತಿ ಮಂಚದಿಂದ ಎದ್ದು ಬಂದು ಅಂಗಿಯನ್ನು ಕೈಗೆ ತೆಗೆದುಕೊಂಡಳು.

"ಈ ಗುಂಡನೆ ಗುರುತು ಏನಣ್ಣ?"

"ಯಾವುದು? ಡಿಸೈನ್ ಇರಬೇಕು."

"ಹೂದಾನಿದು ಕಣ. ಟಿ.ವಿ. ಮೇಲಿತ್ತಲ್ಲ." ಅವಳ ದನಿ ಏರಲಿಲ್ಲ. ಬೃಂದಾಳ ಕಡೆ ತಿರುಗಿದಳು. "ಅತ್ಗೆ, ಇದು ಹೆಂಗೆ ಬಂತು ಇಲ್ಲಿಗೆ?"

ಬೃಂದಾ ಗಂಡನ ಮುಖ ನೋಡಿ, ಹೇಳಬೇಡ ಅನ್ನುವುದನ್ನು ಅಲ್ಲಿ ಓದಿ, ಹೇಳಿದಳು. "ಸಾಹೇಬರಿಗೆ ಟ್ರಾನ್ಸ್‌ಫರ್ ಆಯ್ತು. ಲಾರಿಗೆ ಸಾಮಾನು ಹಾಕಿಸೋಕೆ ಇವರು ಹೋಗಿದ್ರು. ಟಿ.ವಿ. ಇಳಿಸಿದ ಮೇಲೆ ಮೇಡಂ ಇದನ್ನ ಇವರ ಕೈಗೆ ಕೊಟ್ಟರಂತೆ, ನಿಮ್ಮನೇಲಿ ಯಾರಿಗಾದ್ರೂ ಆಗುತ್ತೆ, ಇಟ್ಕೊಳ್ಳಿ ಅಂತ."

ಜಗುಲಿಯ ಮೇಲೆ ಯಾರೋ ಕೆಮ್ಮಿದರು.

"ರೇಷ್ಮೆ ರೇಷ್ಮೆನೇ. ಅದರಲ್ಲೇನಿದೆ?" ಅಂದ ಮಹದೇವಸ್ವಾಮಿ. "ಸೋದರಮಾವ ಕೊಟ್ಟದ್ದು ಅಂತ ತಗೋಬೇಕಪ್ಪ."

"ಯಾರು ಸ್ವಾದರಮಾವ?" ಅಂದಳು ಶಿವರಂಜಿನಿ. "ಆವತ್ತು ಆ ಮನೇಲಿ ನನ್ನ ಯಾರು ಅಂತ ಕೇಳ್ದಾಗ ನಮ್ಮೂರ ಟೈಲರ್ ಅಂದೆ. ನಾನು ಹಿತ್ತಲ ಕಡೆ ಕೂತು ಉಂಡು ಬಂದೆ. ಟೈಲರ್ ಮಗೀಗೆ ನೀನು ಯಾವ ಕಡೆಯಿಂದ ಸ್ವಾದರಮಾವ? ಆ ದೇಶದಲ್ಲಿ ತವರಿನೋರು ಪೆಟ್ಟಿಗೇಲಿಟ್ಟು ಹೆಣ್ಣುಮಗಳ ಕೂಸಿಗೆ ಕೊಡ್ತಾರೆ ಅಂತ ನೀನೇ ಹೇಳಿದ್ದು. ನೀನು ಮೊದ್ಲು ಹೊತ್ಕೊಂಡೋಗಿದ್ದು ಯಾರ ಕಾಲಿಗೆ? ಅವರು ಒದ್ದ ಮ್ಯಾಲೆ ಇಲ್ಲಿಗೆ ತಂದೆ."

"ಏನಮ್ಮಿ ಇದು, ಶುಭದ ಹೊತ್ನಲ್ಲಿ," ಅಂದಳು ಗುರುಮಲ್ಲಮ್ಮ.

"ಶುಭ ಆಗ್ಲಿ ಕಣತ್ತೆ. ನನ್ನ ಕೂಸು ಇದ ತೊಡಾದಿಲ್ಲ, ಅಷ್ಟೇ." ಅಂಗಿಯನ್ನು ಚೊಕ್ಕವಾಗಿ ಮಡಚಿ ಪೆಟ್ಟಿಗೆಯಲ್ಲಿಟ್ಟು ಅಣ್ಣನ ಮುಂದೆ ತಳ್ಳಿದಳು.

ಮಹದೇವಸ್ವಾಮಿಯ ಮುಖ ಕೆಂಪಗಾಯಿತು. ಅಲ್ಲಿದ್ದವರನ್ನೆಲ್ಲ ಬಿಟ್ಟು ಅವನು ತಿರುಗಿದ್ದು ಗಂಗಾಧರಸ್ವಾಮಿಯ ಕಡೆ. "ಕೂಲಿ ಮನೆ ಸೇರಿದ ಮೇಲೆ ಬುದ್ಧೀನೂ ಅಷ್ಟೇ ಆಗುತ್ತೆ."

ಹಂಗಳದ ನೆಂಟರಲ್ಲಿ ಇಬ್ಬರು ಎದ್ದು ನಿಂತರು. ಗಂಗಾಧರಸ್ವಾಮಿ ಅವರ ಭುಜ ಒತ್ತಿ ಕೂರಿಸಿ, "ಕೂಸು ಹಸ್ಕೊಂಡದೆ. ಶಾಸ್ತ್ರ ಮುಗಿಸ್ಕೊಳ್ಳಿ," ಅಂದ. ಅಷ್ಟು ಹೊತ್ತಿಗೆ ಮಹಾಲಿಂಗ ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಬೀದಿಗೆ ಓಡಿದ್ದ. ಸಂತೆ ಬೀದಿಯ ಅಂಗಡಿಯಿಂದ ಒಂದು ಕೆಂಪು ಫ್ರಾಕು, ಒಂದು ಕುಲಾವಿ ಹಿಡಿದುಕೊಂಡು ಬಂದ. ಫ್ರಾಕಿನ ಅಂಚಿಗೆಲ್ಲ ಮಿಂಚುವ ಲೇಸು. ನೋಡಲು ಬ್ಯಾಂಡ್ ಸೆಟ್ಟಿನವರ ಬಟ್ಟೆಯ ಹಾಗಿತ್ತು. ಅದನ್ನೇ ತೊಡಿಸಿ, ಮಾದೇವಿ ಅಂತ ಹೆಸರಿಟ್ಟು, ಕೂಸನ್ನು ತೊಟ್ಟಿಲಿಗೆ ಹಾಕಿದರು.

ಮಹದೇವಸ್ವಾಮಿ ಆಗಲೇ ಚಪ್ಪಲಿ ಮೆಟ್ಟಿದ್ದ. "ಉಂಡ್ಕೊಂಡು ಓಗು," ಅಂದ ಮಾದಪ್ಪ. ಅವನು ನಿಲ್ಲಲಿಲ್ಲ. ಬೃಂದಾ ಮಾತ್ರ ನಿಧಾನವಾಗಿ ಕೂತು, ಒಬ್ಬಟ್ಟು ಬಡಿಸಿಕೊಂಡು, ಉಂಡು, ಎಲೆ ಮಡಚಿಯೇ ಎದ್ದಳು. ಮಂಗಮ್ಮ ಕ್ಯಾರಿಯರಿಗೆ ಒಬ್ಬಟ್ಟು ತುಂಬಿಕೊಂಡು ಬಸ್ ಸ್ಟಾಂಡಿನವರೆಗೆ ಮಗನ ಹಿಂದೆ ಓಡಿದಳು. ವಾಪಸು ಬಂದಾಗ ಕ್ಯಾರಿಯರ್ ಕೈಯಲ್ಲೇ ಇತ್ತು.

ನೆಂಟರು ಹೋದ ಮೇಲೆ ಅವಳು ಮಗಳ ಮೇಲೆ ಬಿದ್ದಳು.

"ಹತ್ತು ಜನರ ಮುಂದೆ ಅಣ್ಣನ ಮಾನ ಕಳದ್ಯಲ್ಲ, ಸಮಾಧಾನ ಆಯ್ತಾ?"

"ಅವನು ನನ್ನ ಟೈಲರ್ ಅಂದದ್ದು ನಿಂಗೆ ಏನೂ ಅನ್ನಿಸಲ್ವಾ ಅವ್ವ?"

"ಅಂದ್ರೆ ಅಂದ. ಅವನ ಕೆಲಸಕ್ಕೆ ಬೇಕಿತ್ತು. ನಿನ್ನ ಮೈಯೇನು ಸವ್ದೋಯ್ತಾ? ಈ ಮನೇಲಿ ಓದಿ ಮುಂದೆ ಬಂದೋನು ಅವನೊಬ್ಬ."

"ಮುಂದೆ ಬಂದೋನಲ್ಲ ಕಣವ್ವ, ಬಗ್ಗಿಕೊಂಡೇ ಹೋದೋನು. ಸಾಹೇಬ ಬದಲಾದ್ರೆ ಇನ್ನೊಬ್ಬ ಸಾಹೇಬನಿಗೆ ಬಗ್ತಾನೆ."

"ಬಾಯ್ಮುಚ್ಚು. ಬಾಣಂತಿ ಅಂತ ಸುಮ್ನಿವ್ನಿ."

ಮಂಗಮ್ಮ ಆ ಪೆಟ್ಟಿಗೆಯನ್ನು ಒರೆಸಿ, ಬೃಂದಾಳಿಗೂ ಒಂದು ದಿನ ಆಗೇ ಆಗುತ್ತದೆ, ಅವನ ಮಗನಿಗಿರಲಿ ಅಂತ ಟ್ರಂಕಿನ ತಳಕ್ಕೆ ಹಾಕಿದಳು. ಆಮೇಲೆ ಬಾಣಂತನ ನಡೆಯಿತು. ಎಣ್ಣೆ ನೀರು ತಪ್ಪಲಿಲ್ಲ, ಮೆಣಸಿನ ಸಾರು ತಪ್ಪಲಿಲ್ಲ. ತಾಯಿ ಮಗಳ ನಡುವೆ ಮಾತು ಮಾತ್ರ "ಏಳು", "ಉಣ್ಣು", "ಕೂಸು ಕೊಡು" ಅನ್ನುವಷ್ಟಕ್ಕೆ ಇಳಿಯಿತು. ಮಂಗಮ್ಮನ ಕೈ ಎಷ್ಟು ಒಳ್ಳೆಯದೋ ಕಣ್ಣು ಅಷ್ಟೇ ಕುರುಡು ಅಂತ ಶಿವರಂಜಿನಿ ತೀರ್ಮಾನ ಮಾಡಿಕೊಂಡಳು. ಐದನೇ ತಿಂಗಳಿಗೆ ಗಂಡನಿಗೆ ಹೇಳಿ ಕಳಿಸಿದಳು.

ಹೊರಡುವ ದಿನ ಮಾದಪ್ಪ ಒಂದು ಚೀಲ ರಾಗಿ ಕೊಟ್ಟ. ಮಂಗಮ್ಮ ಬಾಗಿಲಲ್ಲಿ ಅರಿಶಿನ ಕುಂಕುಮ ಕೊಟ್ಟು, ಕೂಸಿನ ಕೆನ್ನೆಗೆ ಕಪ್ಪು ಇಟ್ಟು, "ಅಣ್ಣನಿಗೆ ಒಂದು ಮಾತು ತಪ್ಪಾಯ್ತು ಅಂದ್ರೆ ನಿನ್ನ ಗಂಟೇನೋಯ್ತದೆ?" ಅಂದಳು. ಶಿವರಂಜಿನಿ ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದಳು.

ಗುಂಡ್ಲುಪೇಟೆ ಬಸ್ ಸ್ಟಾಂಡಿನಲ್ಲಿ ಹಂಗಳದ ಬಸ್ಸಿಗೆ ಕಾಯುತ್ತಿದ್ದರು. ಗಂಗಾಧರಸ್ವಾಮಿ ರಾಗಿ ಚೀಲದ ಮೇಲೆ ಕೂತಿದ್ದ. ಎದುರಿಗೆ ಎಳನೀರಿನ ಗಾಡಿಯ ಹತ್ತಿರ ಒಂದು ಸರ್ಕಾರಿ ಜೀಪು ಬಂದು ನಿಂತಿತು. ಹಿಂದಿನಿಂದ ಇಳಿದವನು ಮಹದೇವಸ್ವಾಮಿ. ಮುಂದಿನಿಂದ ಇಳಿದವರು ಹೊಸ ಸಾಹೇಬರು, ಇನ್ನೂ ಚಿಕ್ಕ ವಯಸ್ಸು; ಹಳ್ಳಿಗಳ ಕಡೆ ಹಿಪ್ಪುನೇರಳೆ ತೋಟ ನೋಡಲು ಹೊರಟಿದ್ದರು. ಮಹದೇವಸ್ವಾಮಿ ತಂಗಿಯನ್ನು ಕಂಡ. ಕಂಡು, ಸ್ಟಾಂಡಿನ ಗೋಡೆಯ ಮೇಲಿನ ಸಿನಿಮಾ ಪೋಸ್ಟರನ್ನು ಬಹಳ ಗಮನವಿಟ್ಟು ಓದಲು ಶುರುಮಾಡಿದ.

ಸಾಹೇಬರು ಎಳನೀರು ಕುಡಿಯುತ್ತಾ ಈ ಕಡೆ ಬಂದರು. ಶಿವರಂಜಿನಿಯ ಹೆಗಲ ಮೇಲಿಂದ ಮಾದೇವಿ ಅವರನ್ನು ನೋಡಿ ಬೊಚ್ಚುಬಾಯಿ ಬಿಟ್ಟಿತು. ಸಾಹೇಬರು ಬೆರಳು ಚಾಚಿದರು, ಕೂಸು ಹಿಡಿದುಕೊಂಡಿತು.

"ಮುದ್ದಾಗಿದೆ. ಯಾರಮ್ಮ ಇದು? ನನ್ನ ಮಗಳಿಗೂ ಇಷ್ಟೇ ತಿಂಗಳು."

ಪೋಸ್ಟರ್ ಓದುವುದು ಅಲ್ಲಿಗೆ ಮುಗಿಯಿತು. ಮಹದೇವಸ್ವಾಮಿ ನಾಲ್ಕೇ ಹೆಜ್ಜೆಯಲ್ಲಿ ಬಂದು ನಿಂತ.

"ನಮ್ಮ ತಂಗಿ ಮಗು ಸಾರ್. ಒಬ್ಬಳೇ ತಂಗಿ. ಇವರು ನಮ್ಮ ಭಾವ."

ಗಂಗಾಧರಸ್ವಾಮಿ ಚೀಲದಿಂದ ಎದ್ದು ಕೈ ಮುಗಿದ. ಸಾಹೇಬರೂ ಕೈ ಮುಗಿದರು. "ಓಹೋ, ಹಾಗಾದರೆ ನೀವು ಸೋದರಮಾವ," ಅಂದರು.

"ಹೌದು ಸಾರ್," ಅಂದ ಮಹದೇವಸ್ವಾಮಿ, ಮೈಯೆಲ್ಲ ಹಿಗ್ಗಿಸಿ. ಕೂಸಿನ ತಲೆ ಸವರಲು ಕೈ ತಂದ.

ಶಿವರಂಜಿನಿ ಕೂಸನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲಿಲ್ಲವಲ್ಲ ಅಂತ ಅವಳಿಗೇ ಆಶ್ಚರ್ಯವಾಯಿತು. ಮೋರಿಯ ಪಕ್ಕ ನಡೆಯುವಾಗ ಸೀರೆ ಎತ್ತಿ ಹಿಡಿಯುವಷ್ಟು ಹೇಸಿಗೆ ಮಾತ್ರ ಉಳಿದಿತ್ತು. "ಬಸ್ಸು ಬಂತು ಸಾರ್, ಬತ್ತೀವಿ," ಅಂತ ಸಾಹೇಬರಿಗೆ ಹೇಳಿ, ಅಣ್ಣನ ಪಕ್ಕದಿಂದಲೇ ದಾಟಿ ಬಸ್ಸು ಹತ್ತಿದಳು.

ಗಂಗಾಧರಸ್ವಾಮಿ ಚೀಲವನ್ನು ಸೀಟಿನ ಕೆಳಗೆ ತಳ್ಳಿ ಪಕ್ಕ ಕೂತ. ಬಸ್ಸು ಹೊರಟು ಸ್ಟಾಂಡು ದಾಟುವವರೆಗೂ ಕಿಟಕಿಯಿಂದ ಜೀಪಿನ ಕಡೆಯೇ ನೋಡುತ್ತಿದ್ದ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆ ಮುಖದಲ್ಲಿ ಸಂತೋಷವಿತ್ತು.

"ಇವತ್ತು ಭಾವ ಅಂದ್ರು, ಕೇಳ್ದ್ಯಾ?" ಅಂದ.

ಶಿವರಂಜಿನಿ ಗಂಡನ ಕಡೆ ತಿರುಗಿದಳು. ಬಾಯಿಗೆ ಬಂದದ್ದನ್ನು ಅವನ ಮುಖ ನೋಡಿ ನುಂಗಿಕೊಂಡಳು.

"ಹ್ಞೂ, ಅಂದ್ರು," ಅಂದಳು. "ಚಿಲ್ಲರೆ ತಗೀರಿ, ಕಂಡಕ್ಟರ್ ಬತ್ತಾವ್ನೆ."